‘ನಡೆಯುತ್ತಿದ್ದಾರೆ’ ಎಂದರೆ ಎಷ್ಟು? ಲಕ್ವದ ನಂತರ ಅಪ್ಪನ ಕಾಲು-ಕೈಗಳ ಚೇತರಿಕೆಯನ್ನು ಅಳೆಯುವುದು ಹೇಗೆ?

ಭದ್ರಾದಂಡೆ | ಭಾನುವಾರ, ಸಂಜೆ 5.20

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 63 ವರ್ಷ. ಹನ್ನೊಂದು ವಾರಗಳ ಹಿಂದೆ ಬೆಳಗಿನ ಕಾಫಿ ಕುಡಿಯುತ್ತಿದ್ದಾಗ ಲೋಟ ಕೈಯಿಂದ ಜಾರಿತು, ಎದ್ದು ನಿಲ್ಲಲು ಹೋದವರು ಎಡಕ್ಕೆ ಕುಸಿದರು. ಮಿದುಳಿನ ಬಲಭಾಗಕ್ಕೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಎಡಗೈ, ಎಡಗಾಲು ಎರಡೂ ಸ್ವಾಧೀನ ತಪ್ಪಿದ್ದವು. ಈಗ ನಾಲ್ಕು ಕಾಲಿನ ಊರುಗೋಲು ಹಿಡಿದು ಪಡಸಾಲೆಯಿಂದ ಅಡುಗೆಮನೆಯವರೆಗೆ ಬರುತ್ತಾರೆ, ಬರುವಾಗ ಒಮ್ಮೊಮ್ಮೆ ಎಡಭುಜ ಬಾಗಿಲ ಚೌಕಟ್ಟಿಗೆ ತಾಗುತ್ತದೆ. ಎಡಗೈ ಮಾತ್ರ ಮಡಚಿಕೊಂಡೇ ಇದೆ.

ಮನೆಯಲ್ಲಿ ಈಗ ಮೂರು ಅಭಿಪ್ರಾಯಗಳಿವೆ. ಅಪ್ಪ ನಡೆಯುತ್ತಿರುವಾಗ ವಾರಕ್ಕೆ ಮೂರು ಸಲ ಫಿಸಿಯೋಥೆರಪಿಸ್ಟರನ್ನು ಮನೆಗೆ ಕರೆಸುವ ಅಗತ್ಯವಿಲ್ಲ ಎಂಬುದು ತಮ್ಮನ ವಾದ. ಅವರನ್ನು ಒಬ್ಬರನ್ನೇ ಬಚ್ಚಲಿಗೆ ಕಳುಹಿಸಲು ಎದೆ ನಡುಗುತ್ತದೆ ಎಂದು ಅಮ್ಮ ಹೇಳುತ್ತಾರೆ. ಕೈ ಇನ್ನು ಬರುವುದಿಲ್ಲ, ಆಸೆ ಬಿಡಿ ಎಂದು ಚಿಕ್ಕಪ್ಪ ಅಪ್ಪನ ಎದುರಿಗೇ ಹೇಳಿಬಿಟ್ಟರು.

ಕಳೆದ ವಾರ ಫಿಸಿಯೋಥೆರಪಿಸ್ಟ್ ಒಂದು ಹಾಳೆಯಲ್ಲಿ ಹೀಗೆ ಬರೆದುಕೊಟ್ಟಿದ್ದಾರೆ: ‘ಎಫ್‌ಎಸಿ 3. ಹತ್ತು ಮೀಟರ್ ನಡಿಗೆ 31 ಸೆಕೆಂಡು. ಫುಗ್ಲ್-ಮೇಯರ್ ಕಾಲು 21/34, ಕೈ 14/66. ಆಶ್‌ವರ್ತ್ ಮೊಣಕೈ 2.’ ಅವರು ಒಳ್ಳೆಯವರು, ಆದರೆ ಅವಸರದಲ್ಲಿದ್ದರು, ನಾನೂ ಕೇಳಲಿಲ್ಲ. ಈ ಅಂಕಿಗಳ ಅರ್ಥವೇನು? ಇವುಗಳನ್ನು ನೋಡಿ ಚಿಕಿತ್ಸೆ ನಿಲ್ಲಿಸಬಹುದೇ, ಮುಂದುವರಿಸಬೇಕೇ ಎಂದು ತೀರ್ಮಾನಿಸಲು ಆಗುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಗೋಡೆಬದಿಯ ಗೆಳೆಯ | ಭಾನುವಾರ, ಸಂಜೆ 6.05

ನಾನು ಹದಿನೆಂಟು ವರ್ಷಗಳಿಂದ ನರರೋಗಿಗಳ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಮೊದಲು ನಿಮ್ಮ ಫಿಸಿಯೋಥೆರಪಿಸ್ಟರಿಗೆ ಒಂದು ಮೆಚ್ಚುಗೆ ಸಲ್ಲಬೇಕು. ‘ಸುಧಾರಿಸಿದ್ದಾರೆ’ ಎಂಬ ಒಂದೇ ಪದವನ್ನು ಬರೆದುಕೊಡುವವರೇ ಹೆಚ್ಚಾಗಿರುವಾಗ ಇವರು ನಾಲ್ಕು ಅಳತೆಗಳನ್ನು ಬರೆದುಕೊಟ್ಟಿದ್ದಾರೆ.

ಎಫ್‌ಎಸಿ ಎನ್ನುವುದು ನಡೆಯುವಾಗ ಇನ್ನೊಬ್ಬರ ನೆರವು ಎಷ್ಟು ಬೇಕು ಎಂಬುದನ್ನು ಮಾತ್ರ ಹೇಳುವ ಮಾಪಕ. ಸೊನ್ನೆ ಎಂದರೆ ನಡೆಯಲಾರರು, ಅಥವಾ ಇಬ್ಬರ ಸಹಾಯ ಬೇಕು. 1 ಎಂದರೆ ಒಬ್ಬರು ಬಿಡದೆ ಗಟ್ಟಿಯಾಗಿ ಹಿಡಿದಿರಬೇಕು. 2 ಎಂದರೆ ಹಗುರವಾಗಿ ಅಥವಾ ಆಗಾಗ ಮುಟ್ಟಿ ಆಧಾರ ಕೊಟ್ಟರೆ ಸಾಕು. 3 ಎಂದರೆ ಯಾರೂ ಮುಟ್ಟಬೇಕಿಲ್ಲ, ಆದರೆ ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು, ಬೇಕಾದಾಗ ಮಾತಿನಲ್ಲಿ ಎಚ್ಚರಿಸಬೇಕು. 4 ಎಂದರೆ ಸಮತಟ್ಟಾದ ನೆಲದಲ್ಲಿ ಸ್ವತಂತ್ರ, ಮೆಟ್ಟಿಲು ಮತ್ತು ಇಳಿಜಾರಿನಲ್ಲಿ ನೆರವು ಬೇಕು. 5 ಎಂದರೆ ಎಲ್ಲೆಡೆಯೂ ಸ್ವತಂತ್ರ. ಊರುಗೋಲು ಹಿಡಿದಿದ್ದರೂ ಅಂಕ ಕಡಿಮೆಯಾಗುವುದಿಲ್ಲ.

ಆದ್ದರಿಂದ ನಿಮ್ಮ ಮನೆಯಲ್ಲಿ ತಮ್ಮ ಹೇಳಿದ್ದೂ ನಿಜ, ಅಮ್ಮ ಹೇಳಿದ್ದೂ ನಿಜ. ತಮ್ಮ ‘ಯಾರೂ ಮುಟ್ಟುತ್ತಿಲ್ಲ’ ಎಂಬುದನ್ನು ನೋಡುತ್ತಿದ್ದಾರೆ, ಅಮ್ಮ ‘ಯಾರಾದರೂ ಪಕ್ಕದಲ್ಲಿರಬೇಕು’ ಎಂಬುದನ್ನು ನೋಡುತ್ತಿದ್ದಾರೆ. 3 ಎಂಬ ಅಂಕಿಯಲ್ಲಿ ಇವೆರಡೂ ಸೇರಿವೆ. ಇದು ಚಿಕಿತ್ಸೆ ನಿಲ್ಲಿಸುವ ಹಂತವಲ್ಲ.

ಕೆರೆಯಂಗಳ | ಭಾನುವಾರ, ಸಂಜೆ 6.30

ನಮ್ಮ ಅತ್ತೆಗೆ ಎರಡು ವರ್ಷ ಚಿಕಿತ್ಸೆ ಕೊಡಿಸಿದೆವು, ಇಂತಹ ಒಂದು ಹಾಳೆಯನ್ನೂ ಯಾರೂ ಕೊಡಲಿಲ್ಲ. ಇದನ್ನು ಓದಿ ಬೇಸರವಾಯಿತು.

ಹಳೇಪೇಟೆ ಅಕ್ಕ | ಭಾನುವಾರ, ರಾತ್ರಿ 8.10

ನಾನೂ ಫಿಸಿಯೋಥೆರಪಿಸ್ಟ್, ಜಿಲ್ಲಾ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತೇನೆ. ನಡಿಗೆಯ ವೇಗದ ಬಗ್ಗೆ ಬರೆಯುತ್ತೇನೆ. ಹತ್ತು ಮೀಟರಿಗೆ 31 ಸೆಕೆಂಡು ಎಂದರೆ ಸೆಕೆಂಡಿಗೆ ಸುಮಾರು 0.32 ಮೀಟರ್. ಈ ವಯಸ್ಸಿನ ಆರೋಗ್ಯವಂತರು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರಿನ ಆಸುಪಾಸಿನಲ್ಲಿ ನಡೆಯುತ್ತಾರೆ. 1995ರಲ್ಲಿ ಜ್ಯಾಕ್ವೆಲಿನ್ ಪೆರ್‍ರಿ ಮತ್ತು ಸಂಗಡಿಗರು ಪಾರ್ಶ್ವವಾಯು ಪೀಡಿತರ ನಡಿಗೆಯನ್ನು ವೇಗದ ಮೇಲೆ ವಿಂಗಡಿಸಿದರು: 0.4ಕ್ಕಿಂತ ಕಡಿಮೆ ಇದ್ದವರ ಓಡಾಟ ಹೆಚ್ಚಾಗಿ ಮನೆಯೊಳಗೆ, 0.4ರಿಂದ 0.8ರವರೆಗಿನವರದು ಹೊರಗೆ ಸೀಮಿತವಾಗಿ, 0.8 ದಾಟಿದವರದು ಹೊರಗೆ ಸರಾಗವಾಗಿ. ನಿಮ್ಮ ತಂದೆ ಮೊದಲನೆಯ ಗುಂಪಿನ ಅಂಚಿನಲ್ಲಿದ್ದಾರೆ.

ಅಳೆಯುವ ಕ್ರಮ ಸರಿಯಾಗಿಲ್ಲದಿದ್ದರೆ ಈ ಅಂಕಿ ನಂಬಿಕೆಗೆ ಅರ್ಹವಲ್ಲ. ಒಟ್ಟು ಹದಿನಾಲ್ಕು ಮೀಟರ್ ಜಾಗ ಬೇಕು. ಮೊದಲ ಎರಡು ಮೀಟರ್ ವೇಗ ಹಿಡಿಯಲು, ಕೊನೆಯ ಎರಡು ಮೀಟರ್ ನಿಧಾನಿಸಲು. ನಡುವಿನ ಹತ್ತು ಮೀಟರಿಗೆ ಮಾತ್ರ ಗಡಿಯಾರ ಓಡಬೇಕು. ಮೂರು ಸಲ ನಡೆಸಿ ಸರಾಸರಿ ತೆಗೆಯಬೇಕು. ಪಕ್ಕದಲ್ಲಿರುವವರು ಒಂದು ಹೆಜ್ಜೆ ಹಿಂದೆ ನಡೆಯಬೇಕು, ಏಕೆಂದರೆ ಮುಂದೆ ಅಥವಾ ಸಮಕ್ಕೆ ನಡೆದರೆ ರೋಗಿ ನಮ್ಮ ವೇಗವನ್ನು ಅನುಸರಿಸುತ್ತಾರೆ. ಯಾವ ಚಪ್ಪಲಿ, ಯಾವ ಊರುಗೋಲು, ಪಾದಕ್ಕೆ ಪಟ್ಟಿ ಇತ್ತೇ ಇಲ್ಲವೇ, ಇವೆಲ್ಲವನ್ನೂ ಬರೆದಿಡಬೇಕು. ಈ ತಿಂಗಳು ವಾಕರ್ ಹಿಡಿದು, ಮುಂದಿನ ತಿಂಗಳು ಕೋಲು ಹಿಡಿದು ಅಳೆದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ನಿಮ್ಮದು ಅಡಿಕೆಯ ಮನೆಯಾಗಿದ್ದರೆ ಅಂಗಳದಲ್ಲಿ ಜಾಗವಿರುತ್ತದೆ. ಟೇಪು ಹಿಡಿದು ರಂಗೋಲಿಯಲ್ಲಿ ನಾಲ್ಕು ಗೆರೆ ಎಳೆದರೆ ಸಾಕು.

ಸಿಗ್ನಲ್ ದಾಟುವವನು | ಭಾನುವಾರ, ರಾತ್ರಿ 8.45

ಹಳೇಪೇಟೆ ಅಕ್ಕ, ಒಂದು ಆಕ್ಷೇಪವಿದೆ. ಆ ವಿಂಗಡಣೆ ಕ್ಯಾಲಿಫೋರ್ನಿಯಾದ ರೋಗಿಗಳನ್ನು ನೋಡಿ ಮಾಡಿದ್ದು. ಅಲ್ಲಿ ‘ಹೊರಗೆ ಸರಾಗವಾಗಿ’ ಎಂದರೆ ಸಮತಟ್ಟಾದ ಕಾಲುದಾರಿ ಮತ್ತು ದೊಡ್ಡ ಅಂಗಡಿಗಳು. ನಮ್ಮ ಬೆಂಗಳೂರಿನಲ್ಲಿ ಕಾಲುದಾರಿಯ ಚಪ್ಪಡಿ ಅಲ್ಲಾಡುತ್ತದೆ, ಅದರ ಮೇಲೆ ಬೈಕು ನಿಂತಿರುತ್ತದೆ, ಒಂದು ಅಡಿ ಎತ್ತರದ ಅಂಚನ್ನು ಇಳಿದು ಹತ್ತಬೇಕು. ನನ್ನ ತಂದೆಯ ವೇಗ 0.9 ಇತ್ತು. ಕಾಗದದ ಪ್ರಕಾರ ಅವರು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು, ಆದರೆ ಮನೆಯೆದುರಿನ ರಸ್ತೆಯನ್ನು ಅವರು ಒಬ್ಬರೇ ಒಂದು ದಿನವೂ ದಾಟಲಿಲ್ಲ. ರಸ್ತೆ ದಾಟುವ ಸಿಗ್ನಲ್ಲುಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗಾಗಿ ಲೆಕ್ಕ ಹಾಕುತ್ತಾರೆ.

ಹಳೇಪೇಟೆ ಅಕ್ಕ | ಭಾನುವಾರ, ರಾತ್ರಿ 9.00

ಒಪ್ಪುತ್ತೇನೆ. ಗುಂಪಿನ ಹೆಸರನ್ನು ಇಲ್ಲಿಗೆ ಹಾಗೆಯೇ ತರಬಾರದು. ಆದರೆ ಅದೇ ವ್ಯಕ್ತಿಯ ಇಂದಿನ ವೇಗವನ್ನು ಮುಂದಿನ ತಿಂಗಳ ವೇಗದೊಂದಿಗೆ ಹೋಲಿಸಲು ಯಾವ ಊರಾದರೂ ಅಡ್ಡಿಯಿಲ್ಲ. 0.32 ಇದ್ದದ್ದು 0.34 ಆದರೆ ಅದು ಅಳತೆಯ ಏರುಪೇರು ಇರಬಹುದು. ಪಾರ್ಶ್ವವಾಯುವಿನ ಮೊದಲ ತಿಂಗಳುಗಳಲ್ಲಿ 0.16 ಮೀಟರಿನಷ್ಟು ಹೆಚ್ಚಳವಾದರೆ ರೋಗಿಯ ಬದುಕಿನಲ್ಲಿ ವ್ಯತ್ಯಾಸ ಕಾಣುತ್ತದೆ ಎಂದು 2010ರ ಅಧ್ಯಯನವೊಂದು ತೋರಿಸಿದೆ.

ಮರಳಿ ಬರೆದವನು | ಭಾನುವಾರ, ರಾತ್ರಿ 9.50

ನನಗೆ ಆರು ವರ್ಷಗಳ ಹಿಂದೆ ಲಕ್ವ ಹೊಡೆಯಿತು, ಧಾರವಾಡದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದೆ. ಬಲಗೈ ಹೋಯಿತು, ಮಾತೂ ತೊದಲುತ್ತಿತ್ತು. ಭದ್ರಾದಂಡೆ ಅವರೇ, ನಿಮ್ಮ ಚಿಕ್ಕಪ್ಪನವರಿಗೆ ದಯವಿಟ್ಟು ಒಂದು ಮಾತು ಹೇಳಿ: ಕೈ ಕೆಲಸ ಮಾಡದಿದ್ದರೂ ಕಿವಿ ಕೆಲಸ ಮಾಡುತ್ತಿರುತ್ತದೆ. ನನ್ನ ಹಾಸಿಗೆಯ ಬಳಿ ನಿಂತು ಯಾರೋ ಹೇಳಿದ ಅದೇ ಮಾತು ನನಗೆ ಇಂದಿಗೂ ನೆನಪಿದೆ.

ಕಾಲು ಬಂದು ಕೈ ಏಕೆ ಬರಲಿಲ್ಲ ಎಂದು ನಾನು ನರರೋಗ ತಜ್ಞರನ್ನು ಕೇಳಿದ್ದೆ. ಹೆಚ್ಚಿನವರಲ್ಲಿ ತೊಂದರೆಯಾಗುವುದು ಮಿದುಳಿನ ಮಧ್ಯದ ದೊಡ್ಡ ಅಪಧಮನಿಯಲ್ಲಿ, ಅದು ಕೈ ಮತ್ತು ಮುಖವನ್ನು ನಡೆಸುವ ಭಾಗಕ್ಕೆ ರಕ್ತ ಕೊಡುತ್ತದೆ. ಕಾಲಿನ ಭಾಗ ಮಿದುಳಿನ ಒಳಬದಿಯಲ್ಲಿದ್ದು ಅದಕ್ಕೆ ಬೇರೆ ಅಪಧಮನಿ ಇದೆ ಎಂದು ಅವರು ಚಿತ್ರ ಬರೆದು ತೋರಿಸಿದರು. ಜೊತೆಗೆ, ಸೊಂಟ ಮತ್ತು ಮೊಣಕಾಲು ಒರಟಾಗಿ ಚಲಿಸಿದರೂ ನಡಿಗೆ ಸಾಗುತ್ತದೆ. ಗುಂಡಿ ಹಾಕುವುದಕ್ಕೆ ಪ್ರತಿ ಬೆರಳೂ ಬೇರೆಬೇರೆಯಾಗಿ ಚಲಿಸಬೇಕು, ಅದಕ್ಕೆ ಮಿದುಳಿನಿಂದ ಇಳಿಯುವ ನರಮಾರ್ಗ ಹೆಚ್ಚು ಉಳಿದಿರಬೇಕು. ಇದನ್ನು ತಿಳಿದ ಮೇಲೆ ನಾನು ನನ್ನನ್ನೇ ಸೋಮಾರಿ ಎಂದು ಬಯ್ದುಕೊಳ್ಳುವುದನ್ನು ನಿಲ್ಲಿಸಿದೆ.

ಗೋಡೆಬದಿಯ ಗೆಳೆಯ | ಭಾನುವಾರ, ರಾತ್ರಿ 10.20

ಸರ್, ನಿಮ್ಮ ವಿವರಣೆ ಸರಿಯಾಗಿದೆ. ಅದಕ್ಕೆ ಫುಗ್ಲ್-ಮೇಯರ್ ಅಂಕಗಳ ವಿಷಯವನ್ನು ಸೇರಿಸುತ್ತೇನೆ. 1975ರಲ್ಲಿ ಸ್ವೀಡನ್ನಿನ ಆಕ್ಸೆಲ್ ಫುಗ್ಲ್-ಮೇಯರ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಚಲನೆಗೆ ಒಟ್ಟು ನೂರು ಅಂಕ, ಅದರಲ್ಲಿ ಕೈಗೆ 66, ಕಾಲಿಗೆ 34. ಪ್ರತಿಯೊಂದು ಚಲನೆಗೂ ಸೊನ್ನೆ, ಒಂದು ಅಥವಾ ಎರಡು ಅಂಕ.

ಈ ಮಾಪಕ ಹುಡುಕುವುದು ಬಲವನ್ನಲ್ಲ, ಬಿಡಿಬಿಡಿಯಾದ ಚಲನೆಯನ್ನು. ಲಕ್ವದ ನಂತರ ಕೈ ಎತ್ತಲು ಹೋದರೆ ಭುಜ ಮೇಲೇರುತ್ತದೆ, ಮೊಣಕೈ ತಾನಾಗಿ ಮಡಚುತ್ತದೆ, ಬೆರಳುಗಳು ಮುಷ್ಟಿಯಾಗುತ್ತವೆ. ಎಲ್ಲವೂ ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ ಒಟ್ಟಿಗೆ ಬರುತ್ತವೆ. ಚೇತರಿಕೆ ಮುಂದುವರಿದಂತೆ ಆ ಕಟ್ಟು ಸಡಿಲವಾಗಿ, ಮೊಣಕೈಯನ್ನು ನೇರವಾಗಿಟ್ಟೇ ಕೈ ಎತ್ತಲು ಸಾಧ್ಯವಾಗುತ್ತದೆ. ಸಿಗ್ನೆ ಬ್ರುನ್‌ಸ್ಟ್ರಾಮ್ ಎಂಬ ಫಿಸಿಯೋಥೆರಪಿಸ್ಟ್ ಇದನ್ನು ಹಂತಗಳಾಗಿ ವಿವರಿಸಿದ್ದರು, ಫುಗ್ಲ್-ಮೇಯರ್ ಅದಕ್ಕೆ ಅಂಕಗಳ ರೂಪ ಕೊಟ್ಟರು. 14/66 ಎಂದರೆ ಆ ಕಟ್ಟು ಇನ್ನೂ ಬಿಗಿಯಾಗಿಯೇ ಇದೆ ಎಂದರ್ಥ.

ಆಶ್‌ವರ್ತ್ 2 ಬೇರೆಯ ವಿಷಯ. ಅದು ರೋಗಿ ಸುಮ್ಮನಿದ್ದಾಗ ನಾವು ಮೊಣಕೈಯನ್ನು ಬಿಡಿಸಿದರೆ ಎಷ್ಟು ಬಿಗಿತ ಸಿಗುತ್ತದೆ ಎಂಬುದರ ಅಳತೆ. 2 ಎಂದರೆ ಬಿಗಿತ ಎದ್ದು ಕಾಣುತ್ತದೆ, ಆದರೂ ಕೀಲು ಸುಲಭವಾಗಿ ಚಲಿಸುತ್ತದೆ. ಚಳಿ, ನೋವು, ಮಲಬದ್ಧತೆ, ಮೂತ್ರದ ಸೋಂಕು ಇವುಗಳಿಂದಲೂ ಬಿಗಿತ ಹೆಚ್ಚುತ್ತದೆ. ಒಂದು ದಿನ ಹೆಚ್ಚಾದರೆ ಹೆದರಬೇಡಿ, ಕಾರಣವನ್ನು ಹುಡುಕಿ.

ತೋಟದ ಮನೆ | ಸೋಮವಾರ, ಬೆಳಗ್ಗೆ 7.15

ರಬ್ಬರ್ ಚೆಂಡನ್ನು ಹಿಸುಕುತ್ತಿರಲಿ, ಬೆರಳಿಗೆ ಬಲ ಬರುತ್ತದೆ. ನಮ್ಮ ಮಾವನಿಗೆ ಇದನ್ನೇ ಮಾಡಿಸಿದೆವು.

ಹಳೇಪೇಟೆ ಅಕ್ಕ | ಸೋಮವಾರ, ಬೆಳಗ್ಗೆ 7.50

ತೋಟದ ಮನೆ ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಈ ರೋಗಿಗೆ ಅದು ಸೂಕ್ತವಲ್ಲ. ಅವರ ಬೆರಳುಗಳು ಈಗಾಗಲೇ ಮುಚ್ಚಿಕೊಂಡಿವೆ. ಅವರಿಗೆ ಬೇಕಾಗಿರುವುದು ತೆರೆಯುವ ಚಲನೆ. ಚೆಂಡನ್ನು ಹಿಸುಕುವುದರಿಂದ ತೆರೆಯುವ ಅಭ್ಯಾಸ ಆಗುವುದಿಲ್ಲ. ಲೋಟ ಹಿಡಿಯಬೇಕಾದರೂ ಮೊದಲು ಕೈ ತೆರೆಯಬೇಕಲ್ಲವೇ?

ಇನ್ನೊಂದು ಎಚ್ಚರಿಕೆಯನ್ನು ಎಲ್ಲರಿಗೂ ಹೇಳುತ್ತೇನೆ. ಹಾಸಿಗೆಯಿಂದ ಎಬ್ಬಿಸುವಾಗ ಲಕ್ವ ಹೊಡೆದ ಕೈಯನ್ನು ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಸ್ನಾಯುಗಳ ಬಲವಿಲ್ಲದೆ ಭುಜದ ಕೀಲು ಕೆಳಗೆ ಜಾರಿರುತ್ತದೆ. ಎಳೆದಾಗ ಶುರುವಾದ ನೋವು ತಿಂಗಳುಗಟ್ಟಲೆ ಉಳಿದು, ಕೈಯ ಚಿಕಿತ್ಸೆಯೇ ನಿಂತುಹೋದ ಮನೆಗಳನ್ನು ನಾನು ನೋಡಿದ್ದೇನೆ.

ಅರಳೀಕಟ್ಟೆ | ಸೋಮವಾರ, ಬೆಳಗ್ಗೆ 9.30

ಎಲ್ಲರೂ ಅಂಕಿ ಅಂಕಿ ಎನ್ನುತ್ತಿದ್ದೀರಿ. ಆರು ತಿಂಗಳಲ್ಲಿ ಬಂದರೆ ಬಂತು, ಆಮೇಲೆ ಏನೂ ಬರುವುದಿಲ್ಲ. ನಮ್ಮೂರಿನ ಪಕ್ಕದಲ್ಲಿ ಔಷಧಿ ಕೊಡುವವರಿದ್ದಾರೆ, ಮೂರು ವಾರ ಔಷಧಿ ಕುಡಿದು ಎಣ್ಣೆ ತಿಕ್ಕಿಸಿಕೊಂಡು ಎದ್ದು ನಡೆದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಯಾವ ಅಳತೆಯನ್ನೂ ಮಾಡಲಿಲ್ಲ.

ತಾಲ್ಲೂಕು ವೈದ್ಯ | ಸೋಮವಾರ, ಮಧ್ಯಾಹ್ನ 1.40

ಅರಳೀಕಟ್ಟೆ ಅವರೇ, ನೀವು ಕಂಡದ್ದು ಸುಳ್ಳಲ್ಲ. ಅವರು ನಡೆದದ್ದು ನಿಜ. ನಡೆಯಲು ಕಾರಣ ಆ ಔಷಧಿಯೇ ಎಂಬುದು ಮಾತ್ರ ಅದರಿಂದ ಸಿದ್ಧವಾಗುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ಮಿದುಳು ತಾನಾಗಿಯೇ ಸಾಕಷ್ಟು ಚೇತರಿಸಿಕೊಳ್ಳುತ್ತದೆ. ಊತ ಇಳಿಯುತ್ತದೆ, ಹಾನಿಯ ಸುತ್ತಲಿನ ಭಾಗ ಮತ್ತೆ ಕೆಲಸಕ್ಕೆ ತೊಡಗುತ್ತದೆ. ಆ ದಿನಗಳಲ್ಲಿ ಯಾರು ಏನು ಕೊಟ್ಟರೂ ಕೀರ್ತಿ ಅವರಿಗೇ ಸಲ್ಲುತ್ತದೆ. ಇದೇ ಕಾರಣಕ್ಕೆ ಮೊದಲ ದಿನಗಳ ಅಳತೆ ಬೇಕು, ಅದಿಲ್ಲದೆ ಫಿಸಿಯೋಥೆರಪಿಯೂ ಸೇರಿದಂತೆ ಯಾವುದರ ಫಲವನ್ನೂ ನಿರ್ಧರಿಸಲಾಗದು.

2010 ಮತ್ತು 2011ರಲ್ಲಿ ನೆದರ್‌ಲೆಂಡ್ಸ್‌ನಿಂದ ಬಂದ ಎರಡು ಅಧ್ಯಯನಗಳು ಇದನ್ನು ಚೆನ್ನಾಗಿ ತೋರಿಸುತ್ತವೆ. ಲಕ್ವ ಹೊಡೆದ 72 ಗಂಟೆಗಳೊಳಗೆ ಬೆರಳನ್ನು ಸ್ವಲ್ಪವಾದರೂ ಚಾಚಬಲ್ಲ ಮತ್ತು ಭುಜವನ್ನು ಸ್ವಲ್ಪವಾದರೂ ಪಕ್ಕಕ್ಕೆ ಎತ್ತಬಲ್ಲವರಲ್ಲಿ ಆರು ತಿಂಗಳಿಗೆ ಕೈಚಳಕ ಒಂದಿಷ್ಟಾದರೂ ಮರಳುವ ಸಾಧ್ಯತೆ ಶೇ 98. ಎರಡೂ ಇಲ್ಲದವರಲ್ಲಿ ಶೇ 25. ನಡಿಗೆಯಲ್ಲೂ ಹೀಗೆಯೇ. ಆಧಾರವಿಲ್ಲದೆ 30 ಸೆಕೆಂಡು ಕುಳಿತುಕೊಳ್ಳಬಲ್ಲ ಮತ್ತು ಕಾಲಿನಲ್ಲಿ ಕೊಂಚ ಬಲವಿರುವವರು ಆರು ತಿಂಗಳಿಗೆ ಸ್ವತಂತ್ರವಾಗಿ ನಡೆಯುವ ಸಾಧ್ಯತೆ ಶೇ 98. ಎರಡೂ ಇಲ್ಲದವರಲ್ಲಿ ಶೇ 27. ಹಾಸಿಗೆಯ ಪಕ್ಕದಲ್ಲಿ ಎರಡು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದು, ಯಾವ ಯಂತ್ರವೂ ಬೇಡ. ನಮ್ಮ ಆಸ್ಪತ್ರೆಗಳ ಕೇಸ್ ಶೀಟಿನಲ್ಲಿ ‘ಎಡ ಪಾರ್ಶ್ವ ದುರ್ಬಲ’ ಎಂದಷ್ಟೇ ಬರೆಯುವುದನ್ನು ನೋಡಿದಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಅರಳೀಕಟ್ಟೆ | ಸೋಮವಾರ, ಮಧ್ಯಾಹ್ನ 2.10

ಡಾಕ್ಟರೇ, ಶೇ 25 ಎಂದು ಹೇಳಿದರೆ ಮನೆಯವರು ಚಿಕಿತ್ಸೆಯನ್ನೇ ಬಿಡುವುದಿಲ್ಲವೇ?

ತಾಲ್ಲೂಕು ವೈದ್ಯ | ಸೋಮವಾರ, ಮಧ್ಯಾಹ್ನ 2.25

ಆ ಅಪಾಯವಿದೆ. ಆದರೆ ಶೇ 25 ಎಂದರೆ ನಾಲ್ವರಲ್ಲಿ ಒಬ್ಬರು, ಆ ಒಬ್ಬರು ಯಾರೆಂದು ಮೂರನೆಯ ದಿನ ಯಾರಿಗೂ ಗೊತ್ತಿರುವುದಿಲ್ಲ. ಮನೆಯವರಿಗೆ ಹೇಳುವಾಗ ಈ ಎರಡನೆಯ ಮಾತನ್ನು ಬಿಟ್ಟುಬಿಟ್ಟರೆ ಅದು ನಮ್ಮ ತಪ್ಪು.

ಥೇಮ್ಸ್ ಬದಿಯ ದಾದಿ | ಸೋಮವಾರ, ಸಂಜೆ 4.30

ಲಂಡನ್ನಿನ ಸ್ಟ್ರೋಕ್ ವಾರ್ಡೊಂದರಲ್ಲಿ ಕೆಲಸ ಮಾಡುವ ಹಾಸನದವಳು ನಾನು. ಆರು ತಿಂಗಳ ಮಾತಿಗೆ ಉತ್ತರಿಸುತ್ತೇನೆ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ನಂತರ ನಿಧಾನವಾಗುತ್ತದೆ, ಇದು ನಿಜ. ಆದರೆ ಬಾಗಿಲು ಮುಚ್ಚುವುದಿಲ್ಲ. ಇಲ್ಲಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯಲ್ಲಿ ಕೈಗಾಗಿಯೇ ನಡೆಸುವ ಮೂರು ವಾರಗಳ, 90 ಗಂಟೆಗಳ ಚಿಕಿತ್ಸೆಗೆ ಬಂದ 224 ಮಂದಿಯ ಫಲಿತಾಂಶವನ್ನು 2019ರಲ್ಲಿ ಪ್ರಕಟಿಸಿದರು. ಅವರಲ್ಲಿ ಬಹುಪಾಲು ಮಂದಿಗೆ ಲಕ್ವ ಹೊಡೆದು ಆರು ತಿಂಗಳು ಎಂದೋ ದಾಟಿತ್ತು. ಫುಗ್ಲ್-ಮೇಯರ್ ಅಂಕ ಏರಿತು, ಆರು ತಿಂಗಳ ನಂತರವೂ ಉಳಿದಿತ್ತು. ಹೋಲಿಕೆಗೆ ಚಿಕಿತ್ಸೆ ಪಡೆಯದ ಇನ್ನೊಂದು ಗುಂಪು ಇರಲಿಲ್ಲ ಎಂಬುದನ್ನೂ ಹೇಳಬೇಕು.

ಹಾಗೆಂದು ಹೆಚ್ಚು ಮಾಡಿದಷ್ಟೂ ಒಳ್ಳೆಯದು ಎಂದೂ ಅಲ್ಲ. 2015ರ ಅವರ್ಟ್ ಅಧ್ಯಯನದಲ್ಲಿ 2,104 ರೋಗಿಗಳಿದ್ದರು. ಮೊದಲ 24 ಗಂಟೆಗಳೊಳಗೇ ಹೆಚ್ಚು ಹೆಚ್ಚು ಸಲ ಎಬ್ಬಿಸಿ ನಿಲ್ಲಿಸಿದವರ ಫಲಿತಾಂಶ ಮೂರು ತಿಂಗಳಿಗೆ ಸಾಮಾನ್ಯ ಆರೈಕೆಯವರಿಗಿಂತ ಕಡಿಮೆಯೇ ಆಗಿತ್ತು. ಮೊದಲ ದಿನವೇ ಬಲವಂತ ಮಾಡಬೇಡಿ ಎಂದು ಇಲ್ಲಿ ಮನೆಯವರಿಗೆ ಹೇಳುತ್ತೇವೆ.

ಮೂರು ಮೆಟ್ಟಿಲು | ಸೋಮವಾರ, ಸಂಜೆ 6.00

ನನ್ನ ತಾಯಿಯ ವಿಷಯ ಹೇಳುತ್ತೇನೆ. ಅವರು ಆಸ್ಪತ್ರೆಯ ಮೊಸಾಯಿಕ್ ನೆಲದ ಮೇಲೆ ಚೆನ್ನಾಗಿ ನಡೆದು ತೋರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬಂದ ನಾಲ್ಕನೆಯ ದಿನ ಬಚ್ಚಲಿನ ಹೊಸ್ತಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಬಿದ್ದದ್ದು ಹೊಸ್ತಿಲಿನ ಕಾರಣಕ್ಕಲ್ಲ, ನಾನು ಹಿಂದಿನಿಂದ ‘ಅಮ್ಮಾ, ಟವೆಲ್ ತೆಗೆದುಕೊಂಡೆಯಾ’ ಎಂದು ಕೇಳಿದ ಕಾರಣಕ್ಕೆ. ಉತ್ತರಿಸಲು ಅವರು ನಿಂತು, ಹಿಂದಿರುಗಿದರು. ಅದಕ್ಕೂ ಮೊದಲು ಯಾರಾದರೂ ಮಾತನಾಡಿಸಿದರೆ ಅವರು ನಡಿಗೆ ನಿಲ್ಲಿಸಿಯೇ ಉತ್ತರಿಸುತ್ತಿದ್ದರು. ಅದೊಂದು ಲಕ್ಷಣವೆಂದು ನಮಗೆ ಯಾರೂ ಹೇಳಿರಲಿಲ್ಲ. ಎರಡು ವರ್ಷವಾಯಿತು, ಆ ಪ್ರಶ್ನೆ ಇನ್ನೂ ನನ್ನ ಬಾಯಲ್ಲೇ ಇದೆ.

ಗೋಡೆಬದಿಯ ಗೆಳೆಯ | ಸೋಮವಾರ, ಸಂಜೆ 6.40

ಮೇಡಂ, ನೀವು ಕೇಳಿದ್ದು ಯಾವ ಮಗಳಾದರೂ ಕೇಳುವಂಥದ್ದು. ತಪ್ಪು ನಿಮ್ಮದಲ್ಲ, ಅದನ್ನು ಪರೀಕ್ಷಿಸದೆ ಮನೆಗೆ ಕಳುಹಿಸಿದ ನಮ್ಮಂಥವರದು.

ಮಾತನಾಡಿಸಿದಾಗ ನಡಿಗೆ ನಿಲ್ಲಿಸುವ ವೃದ್ಧರು ಮುಂದೆ ಬೀಳುವ ಸಂಭವ ಹೆಚ್ಚು ಎಂದು 1997ರಲ್ಲಿಯೇ ಸ್ವೀಡನ್ನಿನಲ್ಲಿ ಗಮನಿಸಿದ್ದರು. ಅವರ ಗಮನವೆಲ್ಲ ಹೆಜ್ಜೆಗೇ ಖರ್ಚಾಗುತ್ತಿರುತ್ತದೆ, ಇನ್ನೊಂದು ಕೆಲಸಕ್ಕೆ ಉಳಿದಿರುವುದಿಲ್ಲ. ಹತ್ತು ಮೀಟರಿನ ನೇರ ನಡಿಗೆಯಲ್ಲಿ ಇದು ಕಾಣುವುದಿಲ್ಲ. ಅದಕ್ಕಾಗಿ ಎದ್ದು ನಡೆದು ಬರುವ ಪರೀಕ್ಷೆಯನ್ನು ಮಾಡುತ್ತೇವೆ: ಕೈಯಿರುವ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳುವವರೆಗಿನ ಸಮಯ. ಏಳುವುದು, ತಿರುಗುವುದು, ಕೂರುವುದು, ಮನೆಯಲ್ಲಿ ಬೀಳುವ ಸಂದರ್ಭಗಳೆಲ್ಲ ಇದರಲ್ಲಿವೆ. ನಂತರ ನೂರರಿಂದ ಮೂರು ಮೂರು ಕಳೆಯುತ್ತಾ ಇದನ್ನೇ ಮತ್ತೊಮ್ಮೆ ಮಾಡಿಸಬಹುದು. ಎರಡು ಸಮಯಗಳ ನಡುವಿನ ಅಂತರವೇ ಎಚ್ಚರಿಕೆ. ಆರು ನಿಮಿಷಗಳಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂಬುದನ್ನೂ ನೋಡಬೇಕು, ಏಕೆಂದರೆ ಹತ್ತು ಮೀಟರಿನಲ್ಲಿ ಚೆನ್ನಾಗಿ ಕಂಡವರು ನೂರನೆಯ ಮೀಟರಿನಲ್ಲಿ ಪಾದ ಎಳೆಯತೊಡಗುತ್ತಾರೆ.

ಸಿಗ್ನಲ್ ದಾಟುವವನು | ಸೋಮವಾರ, ರಾತ್ರಿ 7.30

ನನ್ನ ತಂದೆಯ ಕಾಲು ಅರ್ಧಚಂದ್ರದ ಹಾಗೆ ಹೊರಗೆ ಬೀಸಿ ಬರುತ್ತಿತ್ತು. ವೇಗ ಏರುತ್ತಲೇ ಇದ್ದುದರಿಂದ ಚಿಕಿತ್ಸಕರು ಸಂತೋಷಪಟ್ಟರು. ಆದರೆ ಅದು ಚೇತರಿಕೆಯೇ, ಅಥವಾ ಕಾಲು ಬಾರದಿದ್ದರೂ ಸೊಂಟದಿಂದ ಕೆಲಸ ಸಾಗಿಸುವುದನ್ನು ಕಲಿತದ್ದೇ?

ಹಳೇಪೇಟೆ ಅಕ್ಕ | ಸೋಮವಾರ, ರಾತ್ರಿ 8.00

ಎರಡನೆಯದು. ಈ ಎರಡನ್ನೂ ಒಂದೇ ಪದದಲ್ಲಿ ಹೇಳುವುದರಿಂದಲೇ ಗೊಂದಲವಾಗುತ್ತದೆ. ವೇಗ ಏರಿ ಫುಗ್ಲ್-ಮೇಯರ್ ಅಂಕ ಅಲ್ಲಿಯೇ ನಿಂತಿದ್ದರೆ ದೇಹ ಪರ್ಯಾಯ ದಾರಿ ಹುಡುಕಿಕೊಂಡಿದೆ ಎಂದರ್ಥ. ಎರಡೂ ಏರಿದ್ದರೆ ಕಾಲಿನ ಹತೋಟಿಯೇ ಮರಳುತ್ತಿದೆ. ಆದ್ದರಿಂದ ಒಂದನ್ನೇ ಅಳೆದು ಇನ್ನೊಂದನ್ನು ಊಹಿಸಬಾರದು.

ಮರಳಿ ಬರೆದವನು | ಸೋಮವಾರ, ರಾತ್ರಿ 8.35

ಅಕ್ಕ, ಪರ್ಯಾಯ ದಾರಿಯನ್ನು ಕೀಳಾಗಿ ಕಾಣಬೇಡಿ. ನಾನು ಬಲಗೈ ಸಹಿಗಾಗಿ ಒಂದೂವರೆ ವರ್ಷ ಕಾದೆ, ಕೊನೆಗೆ ಎಡಗೈಯಲ್ಲಿ ಬರೆಯಲು ಕಲಿತೆ. ಅಂಕದ ಪ್ರಕಾರ ಅದು ಸೊನ್ನೆ. ನನ್ನ ಪಿಂಚಣಿಯ ಕಾಗದಕ್ಕೆ ನಾನೇ ಸಹಿ ಹಾಕಿದ ದಿನ ನನ್ನ ಪಾಲಿಗೆ ಅದು ಸೊನ್ನೆಯಾಗಿರಲಿಲ್ಲ.

ಹಳೇಪೇಟೆ ಅಕ್ಕ | ಸೋಮವಾರ, ರಾತ್ರಿ 8.50

ಸರ್, ನಿಮ್ಮ ಮಾತನ್ನು ಒಪ್ಪಿಕೊಂಡೆ. ಕೀಳೆಂದು ಹೇಳುವ ಉದ್ದೇಶವಿರಲಿಲ್ಲ. ಮೂರನೆಯ ತಿಂಗಳಲ್ಲೇ ಪರ್ಯಾಯವನ್ನು ಕಲಿಸಿ ಕೈಬಿಡಬಾರದು ಎಂಬುದಷ್ಟೇ ನನ್ನ ಕಳವಳ. ಪಾದ ಜೋಲುವವರಿಗೆ ಕೊಡುವ ಪ್ಲಾಸ್ಟಿಕ್ ಪಟ್ಟಿಯ ಬಗ್ಗೆಯೂ ಇದನ್ನೇ ಹೇಳುತ್ತಾರೆ, ಅದು ಕಾಲನ್ನು ಸೋಮಾರಿ ಮಾಡುತ್ತದೆ ಎಂದು. ಆ ಭಯದಿಂದ ಅದನ್ನು ದೂರವಿಟ್ಟು ಎಡವಿ ಬೀಳುವುದಕ್ಕಿಂತ, ಹಾಕಿಕೊಂಡು ಹೆಚ್ಚು ನಡೆಯುವುದು ಮೇಲು.

ಎಲೆಯ ತುದಿ | ಸೋಮವಾರ, ರಾತ್ರಿ 9.40

ಎಲ್ಲರ ಬರಹವನ್ನೂ ಓದಿದೆ. ಮೊದಲ ಬರಹದ ಒಂದು ವಾಕ್ಯವನ್ನು ಯಾರೂ ಗಮನಿಸಿದಂತಿಲ್ಲ: ಎಡಭುಜ ಬಾಗಿಲ ಚೌಕಟ್ಟಿಗೆ ತಾಗುತ್ತದೆ. ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವ ಚಿಕಿತ್ಸೆ ನನ್ನದು, ಮಿದುಳಿನ ಬಲಭಾಗಕ್ಕೆ ಹಾನಿಯಾದವರೊಂದಿಗೆ ಹೆಚ್ಚು ಕೆಲಸ ಮಾಡಿದ್ದೇನೆ. ಇಂಥವರಲ್ಲಿ ಕೆಲವರಿಗೆ ಎಡಭಾಗದ ಜಗತ್ತು ಗಮನಕ್ಕೇ ಬರುವುದಿಲ್ಲ. ಕಣ್ಣು ಕಾಣುತ್ತದೆ, ಮಿದುಳು ಆ ಕಡೆ ತಿರುಗುವುದಿಲ್ಲ. ತಮ್ಮದೇ ಎಡಗೈಯನ್ನು ಮರೆತು ಅದರ ಮೇಲೆಯೇ ಮಲಗುತ್ತಾರೆ. ಫುಗ್ಲ್-ಮೇಯರ್ ಚಲನೆಯ ಅಂಕದಲ್ಲಾಗಲಿ ಹತ್ತು ಮೀಟರಿನ ನಡಿಗೆಯಲ್ಲಾಗಲಿ ಇದು ದಾಖಲಾಗುವುದಿಲ್ಲ, ಆದರೆ ಒಬ್ಬರೇ ಸುರಕ್ಷಿತವಾಗಿ ಓಡಾಡಬಲ್ಲರೇ ಎಂಬುದನ್ನು ಇದು ನಿರ್ಧರಿಸುತ್ತದೆ.

ಮನೆಯಲ್ಲಿ ಪರೀಕ್ಷಿಸಲು ನಾನು ಹೇಳಿಕೊಡುವ ವಿಧಾನ ನಮ್ಮ ಊಟದ್ದೇ. ಬಾಳೆಎಲೆಯಲ್ಲಿ ಕ್ರಮವಾಗಿ ಬಡಿಸಿ, ಏನೂ ಹೇಳದೆ ನೋಡಿ. ಎಡತುದಿಯ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಹಾಗೆಯೇ ಉಳಿದು ಬಲಭಾಗ ಮಾತ್ರ ಖಾಲಿಯಾಗಿದೆಯೇ? ಎಲೆಯನ್ನು ಮೆಲ್ಲಗೆ ತಿರುಗಿಸಿದಾಗ ‘ಇದು ಯಾವಾಗ ಬಡಿಸಿದಿರಿ’ ಎಂದು ಕೇಳುತ್ತಾರೆಯೇ? ಇದು ರೋಗನಿರ್ಣಯವಲ್ಲ, ದೃಷ್ಟಿಯ ಎಡ ಅರ್ಧವೇ ಹೋಗಿದ್ದರೂ ಹೀಗಾಗಬಹುದು. ಎರಡನ್ನೂ ಬೇರ್ಪಡಿಸಲು ತಜ್ಞರು ಬೇಕು. ಆದರೆ ತಜ್ಞರ ಬಳಿಗೆ ಹೋಗಬೇಕೆಂಬುದನ್ನು ಎಲೆ ಹೇಳುತ್ತದೆ.

ದಾಖಲೆಪತ್ರ | ಮಂಗಳವಾರ, ಬೆಳಗ್ಗೆ 10.15

ಅಂಗವಿಕಲತೆಯ ಪ್ರಮಾಣಪತ್ರ ಬೇಕಾಗುವವರ ಗಮನಕ್ಕೆ: ನರಸಂಬಂಧಿ ಕಾಯಿಲೆಗಳಲ್ಲಿ ಸಾಮಾನ್ಯವಾಗಿ ಆರಂಭವಾಗಿ ಆರು ತಿಂಗಳಾದ ಮೇಲೆ ಮೌಲ್ಯಮಾಪನ ಮಾಡುತ್ತಾರೆ, ಮೀಸಲಾತಿಯಂತಹ ಸೌಲಭ್ಯಗಳಿಗೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಅಂಗವಿಕಲತೆ ಕನಿಷ್ಠ ಶೇ 40 ಇರಬೇಕು. ಈ ಶೇಕಡಾವಾರು ಲೆಕ್ಕವೇ ಬೇರೆ, ಫುಗ್ಲ್-ಮೇಯರ್ ಅಂಕವನ್ನು ನೂರರಿಂದ ಕಳೆದರೆ ಅದು ಸಿಗುವುದಿಲ್ಲ.

ಕೆರೆಯಂಗಳ | ಮಂಗಳವಾರ, ಬೆಳಗ್ಗೆ 11.00

ಖರ್ಚಿನ ಮಾತನ್ನೂ ಆಡಬೇಕು. ಮನೆಗೆ ಬರುವ ಫಿಸಿಯೋಥೆರಪಿಸ್ಟರಿಗೆ ತಿಂಗಳುಗಟ್ಟಲೆ ಕೊಡುವುದು ಎಲ್ಲರಿಗೂ ಸಾಧ್ಯವಿಲ್ಲ. ಮನೆಯವರೇ ಕಲಿತು ಮಾಡಿಸಬಾರದೇ?

ತಾಲ್ಲೂಕು ವೈದ್ಯ | ಮಂಗಳವಾರ, ಮಧ್ಯಾಹ್ನ 2.00

ಈ ಪ್ರಶ್ನೆಯನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿದ್ದಾರೆ. ಅಟೆಂಡ್ ಎಂಬ ಅಧ್ಯಯನದಲ್ಲಿ ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಿದ್ದರು. ಒಂದು ಗುಂಪಿನ ಮನೆಯವರಿಗೆ ತರಬೇತಿ ಕೊಟ್ಟು ಮನೆಯಲ್ಲೇ ಅಭ್ಯಾಸ ಮಾಡಿಸಿದರು, ಇನ್ನೊಂದು ಗುಂಪಿಗೆ ಎಂದಿನ ಆರೈಕೆ. 2017ರಲ್ಲಿ ಫಲಿತಾಂಶ ಬಂತು. ಆರು ತಿಂಗಳಿಗೆ ಸಾವು ಅಥವಾ ಪರಾವಲಂಬನೆಯಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ, ಎರಡರಲ್ಲೂ ಶೇ 47. ಮನೆಯವರ ಶ್ರಮ ವ್ಯರ್ಥ ಎಂದು ನಾನು ಇದನ್ನು ಓದುವುದಿಲ್ಲ. ಸ್ವಲ್ಪ ತರಬೇತಿ ಪಡೆದ ಮನೆಯವರು ನಿಯಮಿತ ಚಿಕಿತ್ಸೆಯ ಜಾಗವನ್ನು ತುಂಬುತ್ತಾರೆ ಎಂದು ಭಾವಿಸಬಾರದು ಎಂದು ಓದುತ್ತೇನೆ. ವಾರಕ್ಕೆ ಮೂರು ಸಲ ಸಾಧ್ಯವಿಲ್ಲದಿದ್ದರೆ ಒಂದು ಸಲ ಕರೆಸಿ, ಅಳತೆ ಮತ್ತು ಅಭ್ಯಾಸದ ಬದಲಾವಣೆ ಅವರಿಂದ ಆಗಲಿ, ದಿನದ ಅಭ್ಯಾಸ ನಿಮ್ಮಿಂದ ಆಗಲಿ.

ಭದ್ರಾದಂಡೆ | ಗುರುವಾರ, ರಾತ್ರಿ 8.30

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ಅಂಗಳದಲ್ಲಿ ರಂಗೋಲಿ ಗೆರೆ ಎಳೆದು ಅಪ್ಪನನ್ನು ನಡೆಸಿದೆವು. ಗಡಿಯಾರವನ್ನು ತಮ್ಮನ ಕೈಗೇ ಕೊಟ್ಟೆ. 30, 28, 29 ಸೆಕೆಂಡು. ಅದೇ ಊರುಗೋಲು, ಅದೇ ಚಪ್ಪಲಿ. ಎದ್ದು ನಡೆದು ಬರುವ ಪರೀಕ್ಷೆಗೆ 41 ಸೆಕೆಂಡು ಹಿಡಿಯಿತು, ಎಡಕ್ಕೆ ತಿರುಗುವಾಗ ಎರಡು ಸಲ ತಡವರಿಸಿದರು. ಕಳೆಯುವ ಲೆಕ್ಕ ಹೇಳುತ್ತಾ ನಡೆಯಿರಿ ಎಂದಾಗ 97 ಎಂದು ಹೇಳಿ ನಿಂತೇಬಿಟ್ಟರು. ತಮ್ಮ ಏನೂ ಮಾತನಾಡಲಿಲ್ಲ, ಸಂಜೆ ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಲು ಗಾರೆ ಕೆಲಸದವರಿಗೆ ಫೋನು ಮಾಡಿದ.

ಮಧ್ಯಾಹ್ನ ಎಲೆ ಹಾಕಿ ಬಡಿಸಿದೆವು. ಅಪ್ಪ ಊಟ ಮುಗಿಸಿ, ಉಪ್ಪಿನಕಾಯಿ ಹಾಕಲೇ ಇಲ್ಲವಲ್ಲ ಎಂದು ಅಮ್ಮನನ್ನು ಕೇಳಿದರು. ಅದು ಎಡತುದಿಯಲ್ಲಿ ಹಾಗೆಯೇ ಇತ್ತು, ಕೋಸಂಬರಿಯೂ ಇತ್ತು. ಅಮ್ಮ ಒಳಗೆ ಹೋಗಿ ಅತ್ತರು. ಇಷ್ಟು ದಿನ ಅಪ್ಪನಿಗೆ ಊಟದ ರುಚಿಯೇ ಹೋಗಿದೆ ಎಂದು ಅವರು ಭಾವಿಸಿದ್ದರಂತೆ.

ಎಲೆಯ ತುದಿ | ಗುರುವಾರ, ರಾತ್ರಿ 9.10

ಇದನ್ನು ನರರೋಗ ತಜ್ಞರಿಗೆ ಇದೇ ಮಾತುಗಳಲ್ಲಿ ಹೇಳಿ, ದೃಷ್ಟಿಯ ಪರೀಕ್ಷೆಯನ್ನೂ ಕೇಳಿ. ನಿಮಗೆ ಬೆಂಗಳೂರಿಗೆ ಬರಲು ಸಾಧ್ಯವಾದರೆ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆಂದೇ ವಿಭಾಗವಿದೆ. ಅಲ್ಲಿಯವರೆಗೆ ಬಾಗಿಲ ಚೌಕಟ್ಟಿನ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, ಅಪ್ಪನೊಂದಿಗೆ ಮಾತನಾಡುವಾಗ ಎಡಬದಿಯಲ್ಲಿ ಕುಳಿತು ಮಾತನಾಡಿ, ನಡೆಯುವಾಗ ಮಾತ್ರ ಮಾತು ಬೇಡ. ಊಟಕ್ಕೆ ಕುಳಿತಾಗ ಎಲೆಯ ಎಡತುದಿಯನ್ನು ಬಲಗೈಯಿಂದ ಒಮ್ಮೆ ಮುಟ್ಟಿಸಿ, ಅಲ್ಲಿಂದ ಊಟ ಶುರುಮಾಡಿಸಿ.

ಗೋಡೆಬದಿಯ ಗೆಳೆಯ | ಗುರುವಾರ, ರಾತ್ರಿ 9.30

ಎಡಕ್ಕೆ ತಿರುಗುವಾಗ ತಡವರಿಸಿದ್ದನ್ನು ನಿಮ್ಮ ಫಿಸಿಯೋಥೆರಪಿಸ್ಟರಿಗೆ ಮರೆಯದೆ ಹೇಳಿ, ಮುಂದಿನ ಅಭ್ಯಾಸ ಅಲ್ಲಿಂದಲೇ ಶುರುವಾಗಬೇಕು. ನಾಲ್ಕು ವಾರಗಳ ನಂತರ ಅದೇ ಅಂಗಳದಲ್ಲಿ, ಅದೇ ಹೊತ್ತಿನಲ್ಲಿ ಅಳೆಯಿರಿ.

ಭದ್ರಾದಂಡೆ | ಗುರುವಾರ, ರಾತ್ರಿ 9.50

ಆಗಲಿ ಸರ್. ಮಳೆಗೆ ಅಳಿಸದ ಹಾಗೆ ತಮ್ಮ ಗೆರೆಗಳ ಮೇಲೆ ಬಣ್ಣ ಹಚ್ಚಿದ್ದಾನೆ. ಕೋಲಿಲ್ಲದೆ ಒಮ್ಮೆ ನಡೆದು ನೋಡಲೇ ಎಂದು ಅಪ್ಪ ಇವತ್ತು ಸಂಜೆ ಕೇಳಿದರು. ನಾಳೆ ಫಿಸಿಯೋಥೆರಪಿಸ್ಟ್ ಬಂದಾಗ ಕೇಳೋಣ ಎಂದಿದ್ದೇನೆ.